ಏಳು ಏಟು, ನಾಲ್ಕು ಹೆಜ್ಜೆ: ಘಾನಾದಲ್ಲಿ ಎಂಟು ದಿನ

ಮೊದಲ ದಿನ, ಸೋಮವಾರ

ಘಾನಾದ ರಾಜಧಾನಿ ಅಕ್ರಾದಲ್ಲಿ ಇಳಿದಾಗ ನಡುಮಧ್ಯಾಹ್ನ. ಆದರೂ ಸೂರ್ಯ ಕಂಚಿನ ತಟ್ಟೆಯ ಹಾಗೆ ಮಂಕಾಗಿದ್ದ, ನೇರವಾಗಿ ದಿಟ್ಟಿಸಿ ನೋಡಬಹುದಿತ್ತು. ಜನವರಿಯಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಎಂಬ ಒಣಗಾಳಿ ಸಣ್ಣ ಧೂಳು ಹೊತ್ತು ತರುತ್ತದೆ. ತುಟಿ ಒಡೆಯುತ್ತದೆ, ಗಂಟಲು ಕೆರೆಯುತ್ತದೆ ಎಂದು ಮೊದಲೇ ಗೊತ್ತಿತ್ತು. ಚರ್ಮವಾದ್ಯದ ಗತಿ ಏನಾಗುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ನಾವು ನಾಲ್ವರು. ಮಂಗಳೂರು ಕಡೆಯ ಗೆಳೆಯ ಸ್ಯಾಕ್ಸೋಫೋನ್ ನುಡಿಸುತ್ತಾನೆ. ಕದ್ರಿ ಗೋಪಾಲನಾಥರ ಕ್ಯಾಸೆಟ್ ಕೇಳಿ ವಾದ್ಯ ಹಿಡಿದವನು, ಆಮೇಲೆ ಜಾಝ್‌ನ ಬೆನ್ನುಹತ್ತಿದ. ಇನ್ನೊಬ್ಬ ಬೇಸ್ ಗಿಟಾರ್. ಗೆಳತಿಯೊಬ್ಬಳು ಪಿಯಾನೊ ವಾದಕಿ, ಪ್ರವಾಸಕ್ಕೆಂದು ಊದುವ ಮೆಲೋಡಿಕಾ ತಂದಿದ್ದಳು. ನಾನು ಮೃದಂಗ. ಬೆಂಗಳೂರಿನಲ್ಲಿ ಭಾನುವಾರ ಭಾನುವಾರ ಸೇರಿ ಹಳೆಯ ಜಾಝ್ ಸ್ಟ್ಯಾಂಡರ್ಡ್‌ಗಳನ್ನು ನುಡಿಸುತ್ತೇವೆ. ನಮ್ಮೂರಿಗೆ ಇದು ಹೊಸದೇನಲ್ಲ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿಗೆ ಬಂದು ಟಿ. ಎ. ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ನುಡಿಸಿದರು, 1983ರಲ್ಲಿ ಆ ಧ್ವನಿಮುದ್ರಿಕೆಯೂ ಬಂತು. ಅದನ್ನು ಕೇಳಿಯೇ ನಾನು ಈ ದಾರಿಗೆ ಬಂದವನು. ಆದರೆ ಜಾಝ್‌ನ ಬೇರು ಆಫ್ರಿಕಾದ ಡೋಲಿನಲ್ಲಿದೆ ಎಂದು ಎಲ್ಲರೂ ಹೇಳುತ್ತೇವಲ್ಲ, ಆ ಡೋಲನ್ನು ಅದರ ಊರಿನಲ್ಲೇ ಕೂತು ಕೇಳಬೇಕು ಅನ್ನಿಸಿತ್ತು.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್‌ಗಿಂತ ಮೊದಲು ಕೇಳಿದ್ದು ಹಳದಿ ಜ್ವರದ ಲಸಿಕೆಯ ಕಾರ್ಡು. ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ ಚುಚ್ಚಿಸಿಕೊಂಡಿರಬೇಕು. ವಾಪಸ್ ಬರುವಾಗ ನಮ್ಮಲ್ಲೂ ಕೇಳುತ್ತಾರೆ, ಆದ್ದರಿಂದ ಅದನ್ನು ಪಾಸ್‌ಪೋರ್ಟಿನೊಳಗೇ ಇಟ್ಟುಕೊಳ್ಳುವುದು ಒಳ್ಳೆಯದು.

ರೂಮಿಗೆ ಹೋಗಿ ಮೃದಂಗದ ಚೀಲ ಬಿಚ್ಚಿದೆ. ಬಲಗಡೆಯ ಕರಣೆ, ಚರ್ಮದ ನಡುವಿನ ಕಪ್ಪು ಲೇಪ, ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಬೆರಳು ಸೋಕಿಸಿದರೆ ಕಪ್ಪು ಚಕ್ಕೆ ಉದುರುತ್ತಿತ್ತು. ವಿಮಾನದ ಸಾಮಾನು ಕೋಣೆಯ ಚಳಿ, ಮೇಲೆ ಈ ಗಾಳಿ. ‘ಚಾಪು’ ನುಡಿಸಿ ನೋಡಿದೆ. ನಾದವೇ ಇಲ್ಲ, ಹಲಗೆ ತಟ್ಟಿದ ಸದ್ದು. ಹದಿನೆಂಟು ವರ್ಷದಿಂದ ಜೊತೆಗಿದ್ದ ವಾದ್ಯ. ಆ ರಾತ್ರಿ ನಾನು ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ.

ಎರಡನೆಯ ದಿನ, ಮಂಗಳವಾರ

ಬೆಳಿಗ್ಗೆ ರಸ್ತೆ ಬದಿಯಲ್ಲಿ ವಾಚೆ ತಿಂದೆವು. ಅನ್ನ ಮತ್ತು ಅಲಸಂದೆ ಕಾಳು ಒಟ್ಟಿಗೆ ಬೇಯಿಸಿ ಅಗಲವಾದ ಎಲೆಯಲ್ಲಿ ಕಟ್ಟಿಕೊಡುತ್ತಾರೆ. ಮೇಲೆ ಹಾಕುವ ಶಿಟೊ ಎಂಬ ಕಪ್ಪು ಖಾರದಲ್ಲಿ ಒಣಮೀನಿನ ಪುಡಿ ಇರುತ್ತದೆ. ಪಿಯಾನೊ ಗೆಳತಿ ಸಸ್ಯಾಹಾರಿ, ಮಾರುವ ಹೆಂಗಸು ಅದನ್ನು ತಾನಾಗಿಯೇ ಹೇಳಿ ಬದಿಗಿಟ್ಟಳು. ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಬಲಗೈ. ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆಮೇಲೆ ಸಮುದ್ರದ ಪಕ್ಕದ ಬುಕೋಮ್‌ಗೆ ಹೋದೆವು. ಗಾ ಜನರ ಹಳೆಯ ಬೀದಿಗಳು. ಮೀನು ಹೊಗೆ ಹಾಕುವ ಒಲೆಗಳು, ತಗಡಿನ ಮಾಡು, ಓಣಿಗೊಂದು ಬಾಕ್ಸಿಂಗ್ ಗರಡಿಯೇನೋ ಅನ್ನಿಸುವಂತೆ ಹುಡುಗರು ಗಾಳಿಗೆ ಗುದ್ದುತ್ತಿದ್ದರು. 1960ರ ದಶಕದ ಆರಂಭದಲ್ಲಿ ಇಲ್ಲಿಯ ಹುಡುಗರೇ ಕ್ಪಾನ್‌ಲೊಗೊ ಎಂಬ ಡೋಲುಕುಣಿತ ಹುಟ್ಟುಹಾಕಿದ್ದು. ಒಟೂ ಲಿಂಕನ್ ಎಂಬವರ ಹೆಸರನ್ನು ಮೊದಲು ಹೇಳುತ್ತಾರೆ. ಸೊಂಟ ಕುಣಿಸುವ ಆ ಕುಣಿತ ಸಭ್ಯವಲ್ಲ ಎಂದು ಆಗ ಹಿರಿಯರು ಮುನಿಸಿಕೊಂಡಿದ್ದರಂತೆ. ಈಗ ಅದು ಶಾಲೆಯ ವಾರ್ಷಿಕೋತ್ಸವದಲ್ಲೂ ಇರುತ್ತದೆ.

ಡೋಲು ಕೆತ್ತುವ ಅಂಗಡಿಯ ಮುಂದೆ ಒಬ್ಬ ಹುಡುಗ ಕಬ್ಬಿಣದ ಗಂಟೆ ಬಾರಿಸುತ್ತಿದ್ದ. ನಮ್ಮ ಗಂಟೆಯ ಹಾಗೆ ಒಳಗೆ ನಾಲಗೆ ಇಲ್ಲ, ಕೋಲಿನಿಂದ ಹೊಡೆಯುವುದು, ಜಾಗಟೆಯ ಹಾಗೆ. ಹದಿನಾರು ಮಾತ್ರೆಯಲ್ಲಿ ಐದು ಏಟು. ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ, ಒಂದೊಂದರ ಮೊದಲಿಗೆ ಒಂದೊಂದು ಏಟು. ಸ್ಯಾಕ್ಸೋಫೋನ್ ಗೆಳೆಯ ನನ್ನ ತೋಳು ಹಿಡಿದ. “ಇದು ಕ್ಯೂಬಾದವರ ಕ್ಲಾವೆ ಅಲ್ವಾ ಮಾರಾಯಾ!” ಹೌದು, ಕ್ಯೂಬಾದ ಹಾಡುಕುಣಿತಕ್ಕೆ ಆಧಾರವಾದ ಆ ಲಯದ್ದೂ ಅದೇ ಲೆಕ್ಕ. ಅಟ್ಲಾಂಟಿಕ್‌ನ ಎರಡೂ ದಡದಲ್ಲಿ ಅದೇ ಐದು ಏಟು.

ಅಂಗಡಿಯ ಅಜ್ಜ ಮರದ ತೊಗಟೆ ಹೆರೆಯುತ್ತಾ ನಮ್ಮ ಮಾತು ಕೇಳುತ್ತಿದ್ದರು. ಜಾಝ್ ಎಂಬ ಪದ ಕಿವಿಗೆ ಬಿದ್ದದ್ದೇ ಉಳಿ ಕೆಳಗಿಟ್ಟರು. 1956ರಲ್ಲಿ ಅಮೆರಿಕದ ಜಾಝ್ ತುತ್ತೂರಿಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅಕ್ರಾಕ್ಕೆ ಬಂದಾಗ ತಮ್ಮ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರಂತೆ. “ಆಗ ನಾವಿನ್ನೂ ಸ್ವತಂತ್ರರಲ್ಲ. ಮರುವರ್ಷ ಮಾರ್ಚ್ ಆರಕ್ಕೆ ಆದೆವು,” ಎಂದರು. ಇಲ್ಲಿಯ ಇ. ಟಿ. ಮೆನ್ಸಾ ತಮ್ಮ ಟೆಂಪೋಸ್ ತಂಡದ ಜೊತೆ ಹೈಲೈಫ್ ಎಂಬ ಇಲ್ಲಿಯ ಕುಣಿತದ ಸಂಗೀತ ನುಡಿಸಿ ಆರ್ಮ್‌ಸ್ಟ್ರಾಂಗ್‌ರನ್ನು ಸ್ವಾಗತಿಸಿದರು, ಇಬ್ಬರೂ ಕೂಡಿ ನುಡಿಸಿದರು. ಬೇರಿನಿಂದ ಕೊಂಬೆಗೆ ಒಂದೇ ದಿಕ್ಕಿನಲ್ಲಿ ರಸ ಹರಿಯುತ್ತದೆ ಎಂದು ನಾನು ತಿಳಿದುಕೊಂಡಿದ್ದು ಅಲ್ಲೇ ಸ್ವಲ್ಪ ಅಲುಗಾಡಿತು. ಹೈಲೈಫ್‌ನ ತುತ್ತೂರಿಯಲ್ಲಿ ಜಾಝ್ ಇತ್ತು. ಜಾಝ್ ಆಗಲೇ ಮನೆಗೆ ವಾಪಸ್ ಬಂದಿತ್ತು.

ಅಜ್ಜ ಇನ್ನೊಬ್ಬರ ಹೆಸರು ಹೇಳುವಾಗ ಎದ್ದುನಿಂತರು. ಕೋಫಿ ಘಾನಾಬಾ. 1923ರಲ್ಲಿ ಅಕ್ರಾದಲ್ಲೇ ಹುಟ್ಟಿದವರು, ಆಗ ಗೈ ವಾರೆನ್ ಎಂಬ ಹೆಸರು. ಟೆಂಪೋಸ್ ತಂಡದಲ್ಲಿ ಡ್ರಮ್ಸ್ ನುಡಿಸಿ, ಅಮೆರಿಕಕ್ಕೆ ಹೋಗಿ, 1956ರಲ್ಲೇ ಆಫ್ರಿಕಾದ ಡೋಲನ್ನೂ ಜಾಝನ್ನೂ ಕೂಡಿಸಿ ಧ್ವನಿಮುದ್ರಿಕೆ ಮಾಡಿದರು. ವಾಪಸ್ ಬಂದ ಮೇಲೆ ಅಕಾನ್ ಜನರ ಅರಮನೆಗಳ ದೊಡ್ಡ ಫೊಂಟಮ್‌ಫ್ರಮ್ ಡೋಲುಗಳನ್ನೇ ಡ್ರಮ್ ಸೆಟ್‌ನ ಹಾಗೆ ಜೋಡಿಸಿ, ಕಾಲಿನ ಪೆಡಲ್ ಕಟ್ಟಿ ನುಡಿಸಿದರು. 1974ರಲ್ಲಿ ಹೆಸರನ್ನೂ ಬದಲಿಸಿಕೊಂಡರು. ಘಾನಾಬಾ ಎಂದರೆ ಘಾನಾದ ಮಗ. 2008ರಲ್ಲಿ ತೀರಿಕೊಂಡರು. ಬರ್ಟ್ ಕೆಂಫರ್ಟ್ ವಾದ್ಯವೃಂದ ನುಡಿಸಿ ಜಗತ್ತಿಗೆಲ್ಲ ಕೇಳಿಸಿದ ‘ದಟ್ ಹ್ಯಾಪಿ ಫೀಲಿಂಗ್’ ಮೂಲದಲ್ಲಿ ಇವರದೇ ರಚನೆ, ಅದರ ಹೆಸರು ಗಾ ಭಾಷೆಯ ‘ಓಯಿವಲಾಡೊಂಗ್’, ಅಂದರೆ ‘ತುಂಬಾ ಥ್ಯಾಂಕ್ಸ್’. ಹೊರಡುವಾಗ ಅಜ್ಜನಿಗೆ ಅದೇ ಪದ ಹೇಳಿದೆವು. ಅವರ ಮುಖ ಅರಳಿತು.

ರಾತ್ರಿ ಪ್ಲಸ್ 233 ಎಂಬ ಜಾಝ್ ಬಾರ್‌ಗೆ ಹೋದೆವು. ಹೆಸರು ದೇಶದ ಟೆಲಿಫೋನ್ ಕೋಡ್. ಬಯಲಿನಲ್ಲಿ ಮೇಜು, ಕೆಂಪು ದಾಸವಾಳದ ಸೊಬೊಲೊ ಪಾನಕ, ಶುಂಠಿ ಖಾರ ಹಚ್ಚಿ ಕರಿದ ಬಾಳೆಯ ಕೆಲೆವೆಲೆ. ತಂಡ ‘ಸಮ್ಮರ್‌ಟೈಮ್’ ಎತ್ತಿಕೊಂಡಿತು. 1935ರ ಹಾಡು, ನಾವೇ ನೂರು ಸಲ ನುಡಿಸಿದ್ದು. ಆದರೆ ಇಲ್ಲಿ ಎರಡನೆಯ ಸುತ್ತಿಗೆ ಒಬ್ಬ ಗಂಟೆ ಹಿಡಿದ, ಹಾಡಿನ ನಡೆಯೇ ಬೇರೆಯಾಯಿತು. ಕೂತವರು ಚಪ್ಪಾಳೆ ತಟ್ಟಲಿಲ್ಲ, ಎದ್ದು ಕುಣಿದರು.

ಮೂರನೆಯ ದಿನ, ಬುಧವಾರ

ಟುಡು ನಿಲ್ದಾಣದಿಂದ ಟ್ರೋಟ್ರೋ ಹಿಡಿದು ಪೂರ್ವಕ್ಕೆ, ಟೋಗೊ ಗಡಿಯ ದಿಕ್ಕಿಗೆ. ಟ್ರೋಟ್ರೋ ಎಂದರೆ ನಮ್ಮ ಹಳ್ಳಿಕಡೆಯ ಮ್ಯಾಕ್ಸಿಕ್ಯಾಬ್ ಇದ್ದ ಹಾಗೆ. ಸೀಟು ತುಂಬುವವರೆಗೆ ಹೊರಡುವುದಿಲ್ಲ. ಕಂಡಕ್ಟರ್‌ಗೆ ‘ಮೇಟ್’ ಅನ್ನುತ್ತಾರೆ. ಒಂದೂಕಾಲು ಗಂಟೆ ಕಾದು ಬೇಸತ್ತು, ಉಳಿದ ಮೂರು ಸೀಟಿನ ದುಡ್ಡು ನಾವೇ ಕೊಟ್ಟೆವು. ವಾದ್ಯ ಇಡಲು ಜಾಗವೂ ಆಯಿತು. ಇಲ್ಲಿಯ ಹಣ ಸೆಡಿ, ಅದರ ಚಿಲ್ಲರೆ ಕೈಯಲ್ಲಿದ್ದರೆ ಮಾತ್ರ ಈ ದಾರಿಯಲ್ಲಿ ನೆಮ್ಮದಿ.

ಸೊಗಾಕೊಪೆಯಲ್ಲಿ ವೋಲ್ಟಾ ನದಿಯ ಸೇತುವೆ. ಗಾಡಿ ನಿಧಾನ ಮಾಡಿದ್ದೇ ತಡ, ತಲೆಯ ಮೇಲೆ ಬ್ರೆಡ್ಡಿನ ಬುಟ್ಟಿ ಹೊತ್ತ ಹೆಂಗಸರು ಕಿಟಕಿಗೆ ಮುತ್ತಿದರು. ಸೇತುವೆ ದಾಟಿ ದಾಬಾಲಾ ಬಳಿ ಬಲಕ್ಕೆ ತಿರುಗಿದರೆ ನೆಲವೇ ಬದಲಾಗುತ್ತದೆ. ಒಂದು ಕಡೆ ಕೇಟಾ ಹಿನ್ನೀರು, ಇನ್ನೊಂದು ಕಡೆ ಸಮುದ್ರ, ನಡುವೆ ಮರಳಿನ ಪಟ್ಟಿ, ತೆಂಗಿನ ಸಾಲು. ಅನ್ಲೋಗಾ ಹತ್ತಿರ ಆ ಮರಳಿನಲ್ಲೇ ಚಾಪೆ ಹಾಸಿದಷ್ಟು ಅಚ್ಚುಕಟ್ಟಾಗಿ ಪಾತಿ ಮಾಡಿ ಸಣ್ಣ ಈರುಳ್ಳಿ ಬೆಳೆಯುತ್ತಾರೆ. ಮಂಗಳೂರಿನ ಗೆಳೆಯ ಕಿಟಕಿಯಿಂದ ತಲೆ ಒಳಗೆ ಹಾಕಲೇ ಇಲ್ಲ. ಮಲ್ಪೆಯ ಆಚೆ, ಹೊಳೆಗೂ ಕಡಲಿಗೂ ನಡುವೆ ಅವನ ಅಜ್ಜಿಮನೆ.

ನಾವು ಉಳಿದ ಹಳ್ಳಿಯಲ್ಲಿ ಡೋಲು ಕಲಿಸುವ ಹಿರಿಯರ ಅಂಗಳಕ್ಕೆ ಹೋದಾಗ ಮೊದಲು ನೀರು ಕೊಟ್ಟು, ನಂತರ ‘ವೊಯೇಜೊ’ ಎಂದರು, ಸುಸ್ವಾಗತ. ನಾವು ‘ಯೋ’ ಅನ್ನಬೇಕು. ಹಿರಿಯರನ್ನು ಕಾಣಲು ಹೋಗುವಾಗ ಸ್ನ್ಯಾಪ್ಸ್ ಎಂಬ ಮದ್ಯದ ಬಾಟಲಿ ಒಯ್ಯುವುದು ವಾಡಿಕೆ, ಅಕ್ರಾದಲ್ಲೇ ಕೊಂಡಿದ್ದೆವು. ಅವರು ಸ್ವಲ್ಪ ನೆಲಕ್ಕೆ ಸುರಿದು ಹಿಂದಿನವರನ್ನೆಲ್ಲ ಹೆಸರು ಹಿಡಿದು ಕರೆದರು. ನಂತರ ನಾವು ಹುಟ್ಟಿದ ವಾರ ಕೇಳಿ ಹೆಸರಿಟ್ಟರು. ನಾನು ಗುರುವಾರ, ಹಾಗಾಗಿ ಯಾವೊ. ಗೆಳೆಯ ಶುಕ್ರವಾರ, ಅವನು ಕೋಫಿ. “ನಮ್ಮ ತುಳುವಿನಲ್ಲಿ ತುಕ್ರ ಅಂತಾರೆ,” ಎಂದ ಅವನು. ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಎಂದು ವಾರದ ಏಳೂ ಹೆಸರು ಒಪ್ಪಿಸಿದ. ಹಿರಿಯರು ಮತ್ತೊಮ್ಮೆ ಹೇಳಿಸಿ ಕೇಳಿದರು. ಅಲ್ಲಿದ್ದಷ್ಟು ದಿನವೂ ಅವರು ಅವನನ್ನು ಕರೆದದ್ದೆಲ್ಲ ತುಕ್ರ ಎಂದೇ.

ನಾಲ್ಕನೆಯ ದಿನ, ಗುರುವಾರ

ಅಗ್‌ಬಾಜಾ ಕಲಿಸಲು ಕೂತರು. ಈ ಕಡೆಯ ಎವೆ ಜನರ ಹಳೆಯ ಯುದ್ಧದ ಕುಣಿತದಿಂದ ಬೆಳೆದು ಬಂದದ್ದು. ಈಗ ಹುಟ್ಟಿಗೂ ಸಾವಿಗೂ ಅದೇ. ಗಾಂಕೋಗುಯಿ ಎಂಬ ಅವಳಿ ಗಂಟೆ. ಆಹಾತ್ಸೆ ಎಂದರೆ ಮಣಿಯ ಬಲೆ ತೊಡಿಸಿದ ಸೋರೆಬುರುಡೆ. ಡೋಲುಗಳು ಕಗಾನ್, ಕಿಡಿ, ಸೊಗೊ. ಮರದ ಪಟ್ಟಿ ಜೋಡಿಸಿ, ಕಬ್ಬಿಣದ ಬಳೆ ಬಿಗಿದು, ಪೀಪಾಯಿಯ ಹಾಗೆ ಕಟ್ಟಿದವು.

ಸೊಗೊ ಮುಖ್ಯ ಡೋಲು, ಬರಿಗೈಯಲ್ಲಿ ನುಡಿಸುವುದು. ನನ್ನ ಕಣ್ಣೆಲ್ಲ ಅದರ ಮೇಲೆ. ಆದರೆ ಗುರುಗಳು ನನಗೆ ಗಂಟೆ ಕೊಟ್ಟರು. ಹನ್ನೆರಡು ಮಾತ್ರೆಯಲ್ಲಿ ಏಳು ಏಟು. ಏಟಿನಿಂದ ಏಟಿಗೆ ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಹತ್ತು ನಿಮಿಷದಲ್ಲಿ ಕೈಗೆ ಕೂತಿತು. ಪಿಯಾನೊ ಗೆಳತಿ ಮರಳಿನಲ್ಲಿ ಹನ್ನೆರಡು ಗೆರೆ ಎಳೆದು ಏಟು ಬೀಳುವಲ್ಲಿ ಈರುಳ್ಳಿ ಇಟ್ಟಳು. ಸುಮ್ಮನೆ ನೋಡುತ್ತಿದ್ದವಳು ತಟ್ಟನೆ “ಇದು ಶಂಕರಾಭರಣ!” ಎಂದಳು. ನೋಡಿದರೆ ನಿಜ. ಹನ್ನೆರಡು ಸ್ವರಸ್ಥಾನಗಳಲ್ಲಿ ಸ ರಿ ಗ ಮ ಪ ದ ನಿ ಎಲ್ಲಿ ನಿಲ್ಲುತ್ತವೋ, ಗಂಟೆಯ ಏಳು ಏಟು ಅಲ್ಲಲ್ಲೇ ಬೀಳುತ್ತವೆ. ಯಾರೂ ಯಾರಿಂದಲೂ ಕದ್ದದ್ದಲ್ಲ. ಹನ್ನೆರಡರಲ್ಲಿ ಏಳನ್ನು ಆದಷ್ಟು ಸಮನಾಗಿ ಹರಡಿದರೆ ಇಂಥ ವಿನ್ಯಾಸವೇ ಬರುತ್ತದೆ. ಆದರೂ ನನಗೆ ಮೈ ಜುಂ ಎಂದಿತು.

ಆಮೇಲೆ ತೊಂದರೆ ಶುರುವಾಯಿತು. ಉಳಿದ ಡೋಲುಗಳು ಸೇರಿದ ಕೂಡಲೇ ನಾನು ತಪ್ಪುತ್ತಿದ್ದೆ. ಹನ್ನೆರಡನ್ನು ನಾನು ನಾಲ್ಕು ನಾಲ್ಕರಂತೆ ಮೂರು ಎಣಿಸಿ, ಬೆರಳ ಗಂಟಿನ ಮೇಲೆ ರೂಪಕ ತಾಳದ ಹಾಗೆ ಹಿಡಿದಿದ್ದೆ. ಅವರಿಗೆ ಅದು ಮೂರು ಮೂರರಂತೆ ನಾಲ್ಕು, ತಿಶ್ರ ನಡೆ. ಕಗಾನ್ ಪ್ರತಿ ತಕಿಟದಲ್ಲೂ ‘ತ’ ಬಿಟ್ಟು ‘ಕಿಟ’ವನ್ನಷ್ಟೇ ನುಡಿಸುತ್ತದೆ. ಆ ಬಿಟ್ಟ ‘ತ’ ಎಲ್ಲಿದೆ ಎಂದು ಹುಡುಕುತ್ತಾ ನನ್ನ ಗಂಟೆ ಜಾರುತ್ತಿತ್ತು. ಲೆಕ್ಕ ಸರಿ ಮಾಡಿಕೊಂಡೆ, ಆದರೂ ಜಾರಿತು. ಏಳನೆಯ ಸಲ ಗುರುಗಳು ಎದ್ದು ಬಂದು ನನ್ನ ಎಣಿಸುವ ಬೆರಳುಗಳ ಮೇಲೆ ತಮ್ಮ ಅಂಗೈ ಇಟ್ಟು ಮುಚ್ಚಿದರು. ಗಂಟೆಯನ್ನು ತಮ್ಮ ಮೊಮ್ಮಗನಿಗೆ ಕೊಟ್ಟರು. ಒಂಬತ್ತು ವರ್ಷದ ಹುಡುಗ, ಆಚೆ ಓಡಿದ ಮೇಕೆಯನ್ನು ನೋಡುತ್ತಲೇ ಬಾರಿಸಿದ. ಒಂದು ಕೂದಲೆಳೆಯೂ ಆಚೀಚೆ ಆಗಲಿಲ್ಲ.

“ತಾಳ ಎಲ್ಲಿದೆ?” ಎಂದು ಕೇಳಿದೆ. ಗುರುಗಳು ಹುಡುಗನ ಪಾದ ತೋರಿಸಿದರು. ಬರಿಗಾಲು ಮರಳಿನಲ್ಲಿ ನಾಲ್ಕು ಸಲ, ಮತ್ತೆ ನಾಲ್ಕು ಸಲ. ಏಳರಲ್ಲಿ ಎರಡೇ ಏಟು ಹೆಜ್ಜೆಯ ಜೊತೆ ಬೀಳುತ್ತವೆ, ಉಳಿದ ಐದು ಹೆಜ್ಜೆಗಳ ಸಂದಿಯಲ್ಲಿ.

ಸಂಜೆಯವರೆಗೆ ನನಗೆ ವಾದ್ಯ ಮುಟ್ಟಲು ಕೊಡಲಿಲ್ಲ, ಕುಣಿಸಿದರು. ಮೊಣಕೈ ಮಡಿಸಿ, ಮೈ ಮುಂದಕ್ಕೆ ಬಾಗಿಸಿ, ಹಕ್ಕಿ ರೆಕ್ಕೆ ಕೂಡಿಸುವ ಹಾಗೆ ಬೆನ್ನೆಲುಬಿನ ಎರಡೂ ಬದಿ ಸೇರಿಸಿ ಬಿಡಬೇಕು.

ಐದನೆಯ ದಿನ, ಶುಕ್ರವಾರ

ಬೆಳಿಗ್ಗೆ ಗುರುಗಳ ಮಗ ಡೋಲುಗಳಿಗೆ ನೀರು ಹಾಕುತ್ತಿದ್ದರು. ಸೊಗೊವನ್ನು ತಲೆಕೆಳಗಾಗಿಸಿ, ತಳದ ರಂಧ್ರದಿಂದ ಒಂದು ಚೊಂಬು ನೀರು ಸುರಿದು, ಒಳಗಿನಿಂದ ಚರ್ಮ ನೆನೆಯಲು ಬಿಟ್ಟು, ನಂತರ ಗೂಟಗಳನ್ನು ಒಂದೊಂದಾಗಿ ಕಲ್ಲಿನಿಂದ ಕುಟ್ಟಿ ಶ್ರುತಿಗೆ ತಂದರು. ಹರ್ಮಟಾನ್‌ನಲ್ಲಿ ದಿನಾ ಹೀಗೆ ಮಾಡಬೇಕಂತೆ. ನಾನು ಮೃದಂಗ ತಂದು ತೋರಿಸಿದೆ. ಬಲಗಡೆಗೆ ಏನೂ ಮಾಡುವಂತಿರಲಿಲ್ಲ. ಎಡಗಡೆಯ ತೊಪ್ಪಿಗೆ ರವೆ ಹಚ್ಚಬೇಕು, ರವೆ ಎಲ್ಲಿಂದ ತರಲಿ? ಅವರ ಹೆಂಡತಿ ಒಳಗಿಂದ ಗಾರಿ ತಂದರು, ಮರಗೆಣಸಿನ ತರಿ. ನೀರಿನಲ್ಲಿ ಕಲಸಿ ಅಂಟು ಬರಿಸಿ ಹಚ್ಚಿದೆ. ತೊಪ್ಪಿ ‘ತೊಂ’ ಎಂದಿತು! ಸ್ವಲ್ಪ ಒರಟು, ಆದರೆ ತುಂಬು ನಾದ. ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ತಟ್ಟಿ ನೋಡಿದರು.

ಮಧ್ಯಾಹ್ನಕ್ಕೆ ಆಕ್ಪ್ಲೆ, ಬೆಂಡೆಕಾಯಿ ಸಾರು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದೆ. “ಯಾವೊಗೆ ಯಾರು ಕಲಿಸಿದರು?” ಎಂದು ಆ ತಾಯಿ ಕೇಳಿದರು. ಮಂಡ್ಯದ ನಮ್ಮಜ್ಜಿ ಎಂದೆ.

ಸಂಜೆ ಕೇಟಾಕ್ಕೆ ಹೋದೆವು. ಪ್ರಿನ್ಸೆನ್‌ಸ್ಟೈನ್ ಕೋಟೆ, 1784ರಲ್ಲಿ ಡೆನ್ಮಾರ್ಕಿನವರು ಕಟ್ಟಿದ್ದು. ಅರ್ಧ ಕೋಟೆಯನ್ನು ಕಡಲು ಕೊಂಡೊಯ್ದಿದೆ. ಜನರನ್ನು ಹಡಗಿಗೆ ಹತ್ತಿಸುವ ಮುಂಚೆ ಕೂಡಿಹಾಕುತ್ತಿದ್ದ ಕೋಣೆಗಳು ಉಳಿದಿವೆ. ಮೊಣಕೈ ಚಾಚಿದರೆ ಎರಡೂ ಗೋಡೆ ತಾಗುತ್ತದೆ ಅನ್ನಿಸುವಷ್ಟು ಇಕ್ಕಟ್ಟು. ಆ ಹಡಗು ಹತ್ತಿದವರು ತಮ್ಮ ಡೋಲನ್ನು ಜೊತೆಗೆ ಒಯ್ಯುವಂತಿರಲಿಲ್ಲ. ಆದರೆ ಇದೇ ಏಳು ಏಟಿನ ಗಂಟೆ ಕ್ಯೂಬಾದ ಬೆಂಬೆ ಎಂಬ ಪೂಜೆಯ ಡೋಲುಕುಣಿತದಲ್ಲಿ ಇಂದಿಗೂ ಕೇಳುತ್ತದೆ. ಮೈಯೊಳಗೆ ಹೋಗಿರಬೇಕು, ಕಾಲಿನಲ್ಲಿ. ನಾವು ಬೆಂಗಳೂರಿನಲ್ಲಿ ಪುಸ್ತಕ ನೋಡಿ ನುಡಿಸುವ ‘ಆಫ್ರೋ ಬ್ಲೂ’, ಕ್ಯೂಬಾದ ಮೊಂಗೊ ಸಂತಮರಿಯಾ 1959ರಲ್ಲಿ ಜಾಝ್‌ಗೆ ತಂದದ್ದು, ಅದರೊಳಗಿನ ಮೂರಕ್ಕೆ ಎರಡರ ಎಳೆದಾಟ ನನಗೆ ಇಷ್ಟು ದಿನ ಜಾಣ ಲೆಕ್ಕವಾಗಿತ್ತು. ಆ ಕೋಣೆಯಲ್ಲಿ ನಿಂತಾಗ ಹಾಗೆ ಅನ್ನಿಸಲಿಲ್ಲ. ಯಾರೂ ಫೋಟೊ ತೆಗೆಯಲಿಲ್ಲ.

ಯಲ್ಲಾಪುರ, ಹಳಿಯಾಳದ ಸಿದ್ದಿಗಳ ದಮಾಮಿ ಡೋಲಿನ ವಿಷಯ ದಾರಿಯಲ್ಲಿ ಗುರುಗಳಿಗೆ ಹೇಳಿದೆ. ಅವರ ಹಿಂದಿನವರು ಹೆಚ್ಚಾಗಿ ಆಫ್ರಿಕಾದ ಪೂರ್ವ ಕರಾವಳಿಯಿಂದ ಬಂದವರು, ಇಲ್ಲಿಯವರಲ್ಲ. ಗುರುಗಳು ಬಹಳ ಹೊತ್ತು ಸುಮ್ಮನಿದ್ದು, “ಅವರು ಇನ್ನೂ ಬಾರಿಸುತ್ತಾರಲ್ಲ?” ಎಂದು ಅಷ್ಟೇ ಕೇಳಿದರು. ಹೌದು ಎಂದೆ.

ಆರನೆಯ ದಿನ, ಶನಿವಾರ

ಪಕ್ಕದ ಊರಿನಲ್ಲಿ ಹಿರಿಯಜ್ಜಿಯೊಬ್ಬರ ಉತ್ತರಕ್ರಿಯೆ. ಇಲ್ಲಿ ಅದು ಊರಹಬ್ಬದಷ್ಟೇ ದೊಡ್ಡದು. ಕಪ್ಪು, ಕೆಂಪು ಬಟ್ಟೆ ಉಟ್ಟು ಹೋಗಬೇಕು. ಮೇಜಿನ ಮುಂದೆ ಕೂತವರು ಬಂದವರ ಮುಯ್ಯಿ ಬರೆದುಕೊಂಡು, ರಸೀತಿ ಕೊಟ್ಟು, ಮೈಕಿನಲ್ಲಿ ಹೆಸರು ಕೂಗಿದರು. ನಮ್ಮ ಹೆಸರನ್ನೂ ಕೂಗಿದರು, “ಇಂಡಿಯಾದ ಯಾವೊ ಮತ್ತು ತುಕ್ರ” ಎಂದು.

ನನಗೆ ಅಂಚಿನ ಬೆಂಚಿನಲ್ಲಿ ಜಾಗ ಮಾಡಿ ಸೋರೆಬುರುಡೆ ಕೊಟ್ಟರು. ಸುತ್ತ ಐವತ್ತು ಜನ ಹಾಡುತ್ತಿದ್ದರು. ಒಬ್ಬರು ಎತ್ತಿದರೆ ಎಲ್ಲರೂ ಹಿಡಿಯುವುದು. ಅರ್ಧ ಗಂಟೆಯಾದ ಮೇಲೆ ನಾನು ಮತ್ತೆ ಜಾರಲು ಶುರುಮಾಡಿದೆ. ಕುಣಿಯುತ್ತಿದ್ದ ಮುದುಕಿಯೊಬ್ಬರು ಅದನ್ನು ಕೇಳಿಸಿಕೊಂಡರು. ಸಾಲು ಬಿಟ್ಟು ನನ್ನೆದುರು ಬಂದು ನಿಂತು, ಮಾತಾಡದೆ, ತಮ್ಮ ಬಲಪಾದವನ್ನು ನನ್ನ ಎಡಪಾದದ ಪಕ್ಕಕ್ಕೆ ತಂದು ನೆಲಕ್ಕೆ ಒತ್ತಿ ಒತ್ತಿ ಇಟ್ಟರು. ಕಾಲುಬೆರಳುಗಳ ನಡುವೆ ಮರಳು, ಹಿಮ್ಮಡಿಯ ತುಂಬ ಒಡಕು. ನಾಲ್ಕು ಸುತ್ತು. ನನ್ನ ಕಾಲು ಹೊಂದಿಕೊಂಡಿತು, ಕೈ ತಾನಾಗಿ ಅದರ ಹಿಂದೆ ಹೋಯಿತು. ಅವರು ನನ್ನ ಹಣೆಗೆ ನಾಣ್ಯ ಒತ್ತಿ ಸಾಲಿಗೆ ಮರಳಿದರು.

ಏಳನೆಯ ದಿನ, ಭಾನುವಾರ

ಚರ್ಚು ಮುಗಿದ ಮೇಲೆ ಗುರುಗಳ ಜಗುಲಿಯಲ್ಲಿ ಕೂತಾಗ ಅವರೇ ಕೇಳಿದರು, “ನಿಮ್ಮದು ಏನಾದರೂ ನುಡಿಸಿ.” ಬೇಸ್ ಗೆಳೆಯ ಬ್ಯಾಟರಿ ಆಂಪ್ಲಿಫೈಯರ್ ತೆಗೆದ. ವೇಯ್ನ್ ಶಾರ್ಟರ್ 1966ರಲ್ಲಿ ರಚಿಸಿ ನುಡಿಸಿದ ‘ಫುಟ್‌ಪ್ರಿಂಟ್ಸ್’ ಆರಿಸಿಕೊಂಡೆವು. ಹನ್ನೆರಡು ಬಾರ್‌ಗಳ, ಅಂದರೆ ಹನ್ನೆರಡು ತಾಳಖಂಡಗಳ, ಬ್ಲೂಸ್, ಒಂದೊಂದು ಬಾರ್‌ನಲ್ಲಿ ಹನ್ನೆರಡು ಮಾತ್ರೆ. ಗಂಟೆಯ ಒಂದು ಆವರ್ತ ಒಂದು ಬಾರ್‌ಗೆ ಸರಿಯಾಗಿ ಕೂರುತ್ತದೆ.

ಹಾಡಿನ ಹೆಸರಿನ ಅರ್ಥ ಹೆಜ್ಜೆಗುರುತು ಎಂದಾಗ ಗುರುಗಳು ಒಂದು ಕಥೆ ಹೇಳಿದರು. ಎವೆ ಜನ ಹಿಂದೆ ಈಗಿನ ಟೋಗೊದ ನೊಟ್ಸಿಯೆಯಲ್ಲಿ ಅಗೊಕೊಲಿ ಎಂಬ ಕ್ರೂರ ದೊರೆಯ ಕೈಕೆಳಗಿದ್ದರು. ಊರಿನ ಸುತ್ತ ದಪ್ಪ ಮಣ್ಣಿನ ಗೋಡೆ. ಹೆಂಗಸರು ಪಾತ್ರೆ ತೊಳೆದ ನೀರನ್ನೆಲ್ಲ ಒಂದೇ ಜಾಗಕ್ಕೆ ಎರಚಿ ಎರಚಿ ಗೋಡೆ ಮೆದುವಾಗಿಸಿದರು. ಒಂದು ರಾತ್ರಿ ಡೋಲು ಬಾರಿಸಿ ಗದ್ದಲ ಎಬ್ಬಿಸಿ, ಆ ಸದ್ದಿನ ಮರೆಯಲ್ಲಿ ಗೋಡೆ ಒಡೆದು ಹೊರಬಿದ್ದರು. ಹೊರಗೆ ಹಿಂದು ಹಿಂದಾಗಿ ನಡೆದರು, ನೋಡಿದವರಿಗೆ ಹೆಜ್ಜೆಗಳು ಊರೊಳಗೆ ಹೋದ ಹಾಗೆ ಕಾಣಲಿ ಎಂದು. ಪ್ರತಿ ನವೆಂಬರ್‌ನ ಮೊದಲ ಶನಿವಾರ ಅನ್ಲೋಗಾದಲ್ಲಿ ಹೊಗ್‌ಬೆಟ್ಸೊಟ್ಸೊ ಹಬ್ಬ ಆ ನೆನಪಿಗೆ. ಬರುವುದಾದರೆ ಆಗ ಬನ್ನಿ ಎಂದರು.

ನುಡಿಸಿದೆವು. ಹುಡುಗ ಗಂಟೆ ಹಿಡಿದ. ಬೇಸ್ ಅದರ ಕೆಳಗೆ ಬಂತು, ಸ್ಯಾಕ್ಸೋಫೋನ್ ಮೇಲೆ ತೇಲಿತು. ಗುರುಗಳ ಮಗ ಕಿಡಿ, ನಾನು ಸೊಗೊ. ಮೂರನೆಯ ಸುತ್ತಿಗೆ ಗುರುಗಳೇ ಸೊಗೊಗೆ ಬಂದು, ನನ್ನನ್ನು ಮೃದಂಗದ ಕಡೆ ತಳ್ಳಿದರು. ಗಾರಿ ಹಚ್ಚಿದ ತೊಪ್ಪಿಯೊಂದೇ ಮಾತಾಡುತ್ತಿತ್ತು, ಸಾಕಾಯಿತು. ಅವರು ಬಾಯಿಯಲ್ಲಿ ‘ಗ ದೆ ಗಿ, ಗ ದೆ ಗಿ’ ಎಂದರೆ ನಾನು ‘ತ ಕಿ ಟ’ ಎಂದು ಉತ್ತರ ಕೊಟ್ಟೆ. ಅವರ ಡೋಲಿಗೂ ನಮ್ಮ ಹಾಗೆ ಸೊಲ್ಲುಗಳಿವೆ. ಇಬ್ಬರೂ ಬಾಯಿಪಾಠದ ಮನೆಯವರು. ಓಣಿಯ ಮಕ್ಕಳೆಲ್ಲ ಜಗುಲಿಯ ಕೆಳಗೆ ಸೇರಿ ಕುಣಿಯುತ್ತಿದ್ದರು. ಜಾಝ್ ಸ್ಟ್ಯಾಂಡರ್ಡ್ ಒಂದಕ್ಕೆ ನಾಲ್ಕು ವರ್ಷದ ಮಗು ಮೊಣಕೈ ಮಡಿಸಿ ಕುಣಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಎಂಟನೆಯ ದಿನ, ಸೋಮವಾರ

ಟ್ರೋಟ್ರೋ ನಿಲ್ಲುವ ಕಡೆಗೆ ಹುಡುಗ ನಮ್ಮ ಜೊತೆ ಬಂದ. ಕೈಯಲ್ಲಿ ಗಂಟೆ. ಗುರುಗಳು ಅಂಗಳದಲ್ಲೇ ಬೀಳ್ಕೊಟ್ಟಿದ್ದರು. ‘ಆಕ್ಪೆ’ ಎಂದೆವು. ಅದಕ್ಕಿಂತ ದೊಡ್ಡ ಪದ ಗೊತ್ತಿರಲಿಲ್ಲ.

ಗಾಡಿಯಲ್ಲಿ ಇನ್ನೂ ಎರಡು ಸೀಟು ಖಾಲಿ. ದುಡ್ಡು ಕೊಟ್ಟರೆ ಈಗಲೇ ಹೊರಡಬಹುದು ಎಂದ ಮೇಟ್. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪರವಾಗಿಲ್ಲ, ಜನ ಬರಲಿ ಎಂದೆ. ಹುಡುಗ ಬಾಗಿಲ ಬಳಿ ಮರಳಿನಲ್ಲಿ ಕೂತು ಬಾರಿಸತೊಡಗಿದ. ನಾನು ಚಪ್ಪಲಿ ಕಳಚಿ ಗಾಡಿಯ ಕಬ್ಬಿಣದ ನೆಲಕ್ಕೆ ಕಾಲಿಟ್ಟೆ. ಅವನು ನನ್ನ ಪಾದ ನೋಡುತ್ತಿದ್ದ. ಈರುಳ್ಳಿ ಮೂಟೆ ಹೊತ್ತ ಇಬ್ಬರು ಹೆಂಗಸರು ದೂರದಲ್ಲಿ ಬರುತ್ತಿದ್ದರು, ಆತುರವೇನೂ ಇರಲಿಲ್ಲ ಅವರಿಗೆ.